ಚಹಾ ಕುಡಿಯದ ಸಲಹೆಗಾರ

"ಚಹಾ ಬ್ಯಾಡ್ರಿ."

ಸಂಜುಕುಮಾರ ಕೈ ಜೋಡಿಸಿ ನಗುತ್ತಲೇ ಹೇಳಿದ. ಆದರೆ ಕರುಣಾ ಕಪ್ಪು-ಬಶಿ ಚಾಚಿಕೊಂಡೇ ನಿಂತಳು. ಬಾಬಾಸಾಹೇಬರ ಫೋಟೊ ಕೆಳಗೆ ಕುರ್ಚಿಯಲ್ಲಿ ಕೂತಿದ್ದ ಅವ್ವ ಅಂಜನಾಬಾಯಿಯ ಮುಖ ಸಣ್ಣದಾಯಿತು.

"ನಿಮ್ಮ ಸಲುವಾಗೇ ಮಾಡೇನಲ್ರಿ," ಅಂದಳು ಕರುಣಾ.

"ನೀರೂ ಬ್ಯಾಡ್ರಿ. ನಂದೊಂದು ಉಸೂಲ್ ಅದ."

ಎಂಥ ಉಸೂಲು, ಯಾವ ನೇಮ ಅಂತ ತಾಯಿ-ಮಗಳು ಕೇಳಲಿಲ್ಲ. ಭಾಲ್ಕಿಯ ದೊಡ್ಡ ಮನೆತನದ ಹುಡುಗ, ಬೀದರದ ಮೈಲೂರಿನ ಬೌದ್ಧರ ಮನೆ. ಇದರಲ್ಲಿ ಕೇಳುವುದೇನಿದೆ?

ಅವನು ಹಣಕಾಸಿನ ಸಲಹೆಗಾರ. ಔರಾದದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದ ಅಂಜನಾಬಾಯಿಗೆ ಬಂದ ರಿಟೈರ್ಮೆಂಟ್ ದುಡ್ಡನ್ನು ಹೇಗೆ ಕಾಪಾಡುವುದು ಅಂತ ಹೇಳಲು ಬಂದಿದ್ದ. ಅರ್ಧ ಗಂಟೆ ಮಾತಾಡಿದ, ಕರಾರು ಪತ್ರ ಕೊಟ್ಟ, "ಓದ್ರಿ, ಅವಸರ ಇಲ್ಲ" ಅಂದು ಹೋದ. ಚಹಾದ ಮೇಲೆ ಕೆನೆ ಕಟ್ಟಿತ್ತು.

"ಔರಾದದಾಗ ಹೆರಿಗಿ ಮಾಡ್ಸಾಕ ಹೋದ ಮನ್ಯಾಗ ನನಗ ಬ್ಯಾರೇ ಕಪ್ಪು ಇರ್ತಿತ್ತು," ಅಂದಳು ಅವ್ವ. "ಕೂಸು ನನ್ನ ಕೈಯಾಗೇ ಹುಟ್ಟಬೇಕು, ಕಪ್ಪು ಮಾತ್ರ ಹೊರಗಿನ ಗೋಡಿ ಮ್ಯಾಲ. ಈಗ ನಮ್ಮನಿಗೇ ಬಂದು ಬ್ಯಾಡ ಅಂತಾನ ನೋಡು."

ಕರುಣಾಳಿಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚು. ಎಂಟು ವರ್ಷದ ಹಿಂದೆ ಒಬ್ಬ ಹರೆಯದ ಏಜೆಂಟ್ ಪ್ರತಿ ರವಿವಾರ ಬರುತ್ತಿದ್ದ. ಅವ್ವಾ ಅವ್ವಾ ಅನ್ನುತ್ತ ಎರಡೆರಡು ಕಪ್ಪು ಚಹಾ ಕುಡಿದು, ಅವಳ ಮದುವೆಗೆ ಕೂಡಿಟ್ಟದ್ದನ್ನೆಲ್ಲ ಯಾವುದೋ ಕಂಪನಿಗೆ ಹಾಕಿಸಿದ. ಒಂದು ರವಿವಾರ ಬರಲಿಲ್ಲ. ಹಣವೂ ಹೋಯಿತು, ನಿಶ್ಚಯವಾಗಿದ್ದ ಸಂಬಂಧವೂ ಮುರಿಯಿತು. ಅಂದಿನಿಂದ ಯಾವ ಕಾಗದಕ್ಕೆ ಸಹಿ ಹಾಕಬೇಕಾದರೂ ಅವಳ ಅಂಗೈ ಬೆವರುತ್ತದೆ. ಬ್ಯಾಂಕಿನಿಂದ ಫೋನ್ ಬಂದರೆ ಎದೆ ಧಸಕ್ ಅನ್ನುತ್ತದೆ. ಅವ್ವನ ದುಡ್ಡನ್ನು ಸುಮ್ಮನೆ ಬಿಡಲೂ ಭಯ, ಮುಟ್ಟಲೂ ಭಯ. ಇದೂ ಮುಳುಗಿದರೆ ಅವ್ವನ ಮುಪ್ಪಿಗೆ ಬೇರೇನೂ ಇರಲಿಲ್ಲ.

ಕರುಣಾ ಟೀಚರ್ ಆಗಿದ್ದದ್ದು ಭಾಲ್ಕಿಯ ಸಾಲೆಯಲ್ಲೇ. ಸೋಮವಾರ ಸಾಲೆ ಬಿಟ್ಟ ಮೇಲೆ, ಬಸ್ ಸ್ಟ್ಯಾಂಡ್ ಹತ್ತಿರ ಝೆರಾಕ್ಸ್ ಅಂಗಡಿಯ ಮೇಲಿದ್ದ ಸಂಜುಕುಮಾರನ ಆಫೀಸಿಗೆ ಹೋಗಿ ಕರಾರು ಪತ್ರವನ್ನು ಟೇಬಲ್ ಮೇಲಿಟ್ಟಳು.

"ನಮಗ ಬ್ಯಾಡ್ರಿ."

ಅವನು ತಲೆಯೆತ್ತಿದ. "ಯಾಕ್ರಿ ಟೀಚರ್?"

"ನಮ್ಮನಿ ಕಪ್ಪಿಗೆ ತುಟಿ ಹಚ್ಚಿದ್ರ ಮೈಲಿಗಿ ಆಗ್ತಿತ್ತೇನ್ರಿ?"

ಸಂಜುಕುಮಾರ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ. ಅವನು ಎದ್ದು ನಿಂತ.

"ಹಂಗ ಕಾಣಸ್ತದ ಅಂತ ನನಗ ಹೊಳೀಲೇ ಇಲ್ರಿ. ಹೊಳೀಬೇಕಿತ್ತು. ತಪ್ಪು ನಂದೇ ಅದ." ಅವಳಿಗೆ ಕುರ್ಚಿ ತೋರಿಸಿ ಹೇಳಿದ, "ನಾ ಸಣ್ಣವ ಇದ್ದಾಗ ನಮ್ಮಪ್ಪ ಹಾವಗೆಪ್ಪ ಔರಾದದಾಗ ಒಂದು ಕಂಪನಿ ಏಜೆಂಟ್ ಇದ್ರು. ಖರೇನ ನಂಬಿದ್ರು. ಮನಿಮನಿಗಿ ಹೋಗಿ, ಚಹಾ ಕುಡದು, ರೊಕ್ಕ ಹಾಕ್ಸಿದ್ರು. ಕಂಪನಿ ಓಡಿಹೋಯ್ತು. ಆಮ್ಯಾಲ ಆ ಓಣ್ಯಾಗ ಒಂದಿನಾನೂ ತಲಿ ಎತ್ತಿ ಅಡ್ಡಾಡ್ಲಿಲ್ಲ. ಚಹಾ ಕುಡದವಗ ಮಂದಿ ಪ್ರಶ್ನಿ ಕೇಳಲ್ರಿ, ನಾಚ್ಕೋತಾರ. ನನ್ನ ಕ್ಲೈಂಟ್ ಪ್ರಶ್ನಿ ಕೇಳಬೇಕು. ಅದಕ್ಕೇ ಯಾರ ಮನ್ಯಾಗೂ ಕುಡಿಯಲ್ಲ."

ಕರುಣಾ ಅವನ ಕಣ್ಣು ನೋಡಿದಳು. ಸುಳ್ಳು ಹುಡುಕಿದಳು. ಸಿಗಲಿಲ್ಲ ಅಂತ ಮತ್ತೆ ಹೆದರಿದಳು, ಯಾಕೆಂದರೆ ಆ ಹಳೆಯ ಏಜೆಂಟನ ಕಣ್ಣಲ್ಲೂ ಸಿಕ್ಕಿರಲಿಲ್ಲ.

"ಹಾಂಗಾದ್ರ ಕೇಳ್ತೇನಿ," ಅಂದು ಕುರ್ಚಿ ಎಳೆದು ಕೂತಳು.

ನಾಲ್ಕು ಸೋಮವಾರ ಕೇಳಿದಳು. ದುಡ್ಡು ಯಾರ ಕೈಯಲ್ಲಿರುತ್ತದೆ? "ನಿಮ್ಮವ್ವಾರ ಖಾತಾದಾಗೇ. ನಾ ಮುಟ್ಟಲ್ಲ." ನಿಮಗೇನು ಲಾಭ? "ನನ್ನ ಫೀಸು, ರಸೀದಿ ಕೊಟ್ಟು." ಕಮಿಷನ್? "ಒಂದು ಪೈಸಾನೂ ಇಲ್ಲ." ನೀವು ಓಡಿಹೋದರೆ? "ನನಗ ಓಡಾಕ ಬರಲ್ರಿ, ಸಾಲ್ಯಾಗೂ ನಾನೇ ಲಾಸ್ಟ್."

ಅವಳು ನಕ್ಕುಬಿಟ್ಟಳು. ಅವನು ಬರೆಯುವುದನ್ನು ನಿಲ್ಲಿಸಿ ಆ ನಗುವನ್ನೇ ನೋಡಿದ. ಆಮೇಲೆ ತನ್ನ ಕಿವಿ ತೋರಿಸುತ್ತ, "ಟೀಚರ್, ಇಲ್ಲಿ ಚಾಕ್‌ಪೀಸ್ ಪುಡಿ ಹತ್ತೇದ," ಅಂದ. ಅವಳು ಬೇಕೆಂದೇ ಇನ್ನೊಂದು ಕಿವಿ ಒರೆಸಿಕೊಂಡಳು. "ಅಲ್ಲಲ್ರಿ, ಈ ಕಡಿ," ಅಂದವನ ಕಿವಿಯೇ ಕೆಂಪಾಗಿತ್ತು.

ಬೀದರಿನ ಬಸ್ಸಿನಲ್ಲಿ ಕರುಣಾ ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದು ಕೂತಳು. ಅವನು ಅವಳಿಗೆ ಸೇರುತ್ತಿದ್ದ, ಬಹಳ ಸೇರುತ್ತಿದ್ದ. ಅದೇ ಅವಳ ಭಯ. ಮನಸ್ಸಿಗೆ ಹಿಡಿಸಿದವನ ಮಾತು ಕೇಳಿಯೇ ಒಮ್ಮೆ ಮನೆ ಬರಿದಾಗಿತ್ತು. ಈಗ ಅವ್ವನ ದುಡ್ಡಿಗಾಗಿ ಅವನನ್ನು ನಂಬುತ್ತಿದ್ದೇನೆಯೋ, ಅವನಿಗಾಗಿ ಅವ್ವನ ದುಡ್ಡನ್ನು ಪಣಕ್ಕೆ ಒಡ್ಡುತ್ತಿದ್ದೇನೆಯೋ, ಅವಳಿಗೇ ಗೊತ್ತಾಗಲಿಲ್ಲ.

ಉಸೂಲಿನ ಕಾರಣ ಅವ್ವನಿಗೂ ಹೇಳಿ, ಐದನೇ ಸೋಮವಾರ ಕರಾರು ಪತ್ರಕ್ಕೆ ಅವಳ ಸಹಿ ಹಾಕಿಸಿಕೊಂಡೇ ಹೋದಳು. ಸಂಜುಕುಮಾರ ಕಾಗದ ನೋಡಿ ಹಿಂದಕ್ಕೆ ಸರಿಸಿದ.

"ಈ ಕೆಲಸ ನಾ ಒಪ್ಕೊಳ್ಳಲ್ರಿ."

ಇವನೂ ಕೈಬಿಟ್ಟು ಹೊರಟ ಅಂದುಕೊಂಡಳು ಕರುಣಾ. "ಯಾಕ್ರಿ? ನನ್ನ ಪ್ರಶ್ನಿ ಭಾಳ ಆದ್ವೇನ್ರಿ?"

ಅವನು ಒಂದು ಚೀಟಿ ಮುಂದಿಟ್ಟ. "ಶೈಲಶ್ರೀ ಮೇಡಂ, ಅವರೂ ಸಲಹಾ ಕೊಡೋರೇ, ಬೀದರ ಚಿದ್ರಿಯಾಗ ಇರ್ತಾರ. ಕೆಳಗ ಅವರ ನೋಂದಣಿ ನಂಬರ್ ಅದ. ನಾ ಹೇಳ್ದೆ ಅಂತ ನಂಬಬ್ಯಾಡ್ರಿ, ನೀವೇ ಚೆಕ್ ಮಾಡ್ರಿ." ಆಮೇಲೆ ಪೆನ್ನಿನ ಕ್ಯಾಪು ತೆಗೆದು ಹಾಕುತ್ತ ಹೇಳಿದ, "ಸೋಮವಾರ ನೀವು ಬರ್ತೀರಿ ಅಂತ ನಾ ಪ್ರತಿ ರವಿವಾರ ಕಟಿಂಗ್ ಮಾಡಿಸ್ಕೊಳ್ಳಾಕತ್ತೇನಿ. ಇಂಥವ ನಿಮ್ಮವ್ವಾರ ರೊಕ್ಕಕ್ಕ ಸಲಹಾ ಕೊಡಬಾರದ್ರಿ. ಮತ್ತ... ನನಗ ನಿಮ್ಮನ್ಯಾಗ ಚಹಾ ಕುಡೀಬೇಕಾಗೇದ."

ಕರುಣಾ ಚೀಟಿ ಮಡಚಿಕೊಂಡು ಮೆಟ್ಟಿಲಿಳಿದಳು.

ನಂಬರನ್ನು ಮೂರು ಸಲ ಚೆಕ್ ಮಾಡಿದಳು. ಚಿದ್ರಿಗೆ ಅವ್ವನನ್ನು ಆಟೋದಲ್ಲಿ ಕರೆದುಕೊಂಡು ಹೋಗಿ, ಅದೇ ಪ್ರಶ್ನೆಗಳನ್ನೆಲ್ಲ ಶೈಲಶ್ರೀಗೂ ಕೇಳಿದಳು. ಮೂರನೇ ಭೇಟಿಯಲ್ಲಿ ಅವ್ವ ಸಹಿ ಹಾಕಿದಳು. ಸಂಜುಕುಮಾರನ ವಿಷಯವನ್ನೂ ಕರುಣಾ ಅಂದೇ ಹೇಳಿದಳು. ಅವ್ವ ಅವಳ ಮುಖ ನೋಡಿ, "ರವಿವಾರ ಬರಲಿ," ಅಂದಳು.

ರವಿವಾರ ಬಾಗಿಲ ಸದ್ದಾದಾಗ ಕರುಣಾ ಎದ್ದು ಹೋಗಿ ತೆರೆದಳು. ಅವ್ವ ಒಂದೇ ಸೆಟ್ಟಿನ ಮೂರು ಕಪ್ಪು ತೆಗೆದಿಟ್ಟಿದ್ದಳು. ಸಂಜುಕುಮಾರ ಚಹಾವನ್ನು ಬಶಿಗೆ ಸುರಿದುಕೊಂಡು, ಸೊರ್ರೆಂದು ಕುಡಿದು ಮುಗಿಸಿದ. ಅಂಜನಾಬಾಯಿ ಅವನ ಗಂಟಲು ಇಳಿದೇಳುವುದನ್ನೇ ನೋಡುತ್ತಿದ್ದಳು. ಆಮೇಲೆ ಕೇಳದೆಯೇ ಇನ್ನರ್ಧ ಕಪ್ಪು ಸುರಿದಳು.

"ಇಲ್ಲಿ ನೀವು ಕುಡದ್ರಿ," ಅಂದಳು ಕರುಣಾ, ನೆಲ ನೋಡುತ್ತ. "ನಿಮ್ಮನ್ಯಾಗ ನನ್ನ ಕಪ್ಪು ಎಲ್ಲಿ ಇಡ್ತಾರ್ರಿ?"

ಅವನು ಬಶಿ ಕೆಳಗಿಟ್ಟ. "ನಮ್ಮವ್ವಗ ಎಲ್ಲಾ ಹೇಳೇನ್ರಿ. ಮೂರು ದಿನ ನನ್ನ ಜೋಡಿ ಮಾತಾಡ್ಲಿಲ್ಲ. ಅತ್ಲು. ನನಗೂ ಹೆದರಿಕಿ ಆಗಿತ್ತು."

"ಮತ್ತ?"

"ನಿನ್ನಿ ಮುಂಜಾನಿ ತಾನೇ ಬಂದು ಕೇಳಿದ್ಲು. ಆ ಹುಡುಗಿ ಚಹಾಕ್ಕ ಸಕ್ರಿ ಎಷ್ಟು ಹಾಕ್ಕೋತಾಳ ಅಂತ."

ಕರುಣಾ ಅವ್ವನ ಕಡೆ ನೋಡಿದಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಕರುಣಾಳ ಅಂಗೈ ಇನ್ನೂ ಬೆವರುತ್ತಿತ್ತು. ಆ ಅಂಗೈಯನ್ನೇ ಅವನ ಕೈಮೇಲೆ ಇಟ್ಟು ಹೇಳಿದಳು:

"ಎರಡು ಚಮಚ ಅಂತ ಹೇಳ್ರಿ."