ಬೂಟು ಬಿಚ್ಚಬೇಡ ಮಗಾ

“ತಲೆ ಎತ್ತಬೇಡ, ವಾಟಿ!”

ಕಿರುಚಿದೆ. ಹೊಟ್ಟೆಯ ಕೆಳಗೆ ಹಸಿ ಮಣ್ಣು. ಬೆನ್ನ ಮೇಲೆ ಒಂದೇ ಗೇಣು ಅಂತರದಲ್ಲಿ ಬೆಳ್ಳಿಯ ಹಾಗೆ ಹೊಳೆಯುವ ಫಾಯಿಲ್ ಹಾಳೆ...

ಆ ಹಾಳೆಯಲ್ಲಿ ಕರೆಂಟು!

ಎಲ್ಸ್‌ಪೆತ್ ಅಮ್ಮನ ಮನೆಯ ನೆಲದಡಿ, ಸಾರ್. ಟಾರ್ಚ್ ಬೆಳಕು ಬಿಟ್ಟೆ. ಮುಂದೆ ಎರಡು ಅಂಗಾಲು ಕಂಡವು. ಒದ್ದೆಯಾದ ಉಣ್ಣೆಯ ಸಾಕ್ಸ್. ಬೂಟಿಲ್ಲ.

ಪಕ್ಕದ ಮನೆಯ ಮುದುಕ ವಾಟಿ.

“ಯಾವನೋ ಅದು? ಬೆಕ್ಕು ಸಿಕ್ತು ಕಣೋ. ಪಾಪ, ಹಲಗೆ ತರ ಸೆಟೆದುಕೊಂಡಿದೆ.”

“ಬೆಕ್ಕು ಬಿಡು! ಅಲ್ಲಾಡಬೇಡ!”

“ಅಲ್ಲಾಡಬೇಡ ಅನ್ನೋಕೆ ನೀನೇನು ಡಾಕ್ಟರಾ?”

ಆಗಲೇ ನನ್ನ ಹಿಂದೆ ಬೆಳಕು ಆರಿತು.

ಧಡ್! ನಾವು ನುಸುಳಿ ಬಂದ ಕಿಂಡಿಗೆ ಹಲಗೆ ಬಿತ್ತು. ಇಂಜಿನ್ ಗುರ್ ಎಂದಿತು. ಪಿಕಪ್ಪಿನ ಚಕ್ರವೊಂದು ಹಲಗೆಗೆ ಒತ್ತಿ ನಿಂತಿತು.

“ರೇವಿ!” ಹೊರಗಿನಿಂದ ನನ್ನ ಧಣಿ ಕೀಗನ್‌ನ ದನಿ. “ವೈರ್‌ಗೆ ಹೊಡೆದಿರೋ ಆ ಪಿನ್ ಕಿತ್ತು ಕಿಂಡಿ ಸಂದೀಲಿ ಕೊಡು. ಆಮೇಲೆ ಹಲಗೆ ತೆಗೀತೀನಿ.”

“ಮೊದಲು ಮೇನ್ ಸ್ವಿಚ್ ಆಫ್ ಮಾಡು!”

“ಮಾಡಿದ್ರೆ ನೀನು ಹೊರಗೆ ಬಂದು ಊರಿಗೆಲ್ಲ ಫೋನ್ ಮಾಡ್ತೀಯ. ಪಿನ್ ಕೊಡು.”

ಬೆಳಗಿನಿಂದ ಹೇಳಬೇಕು, ಸಾರ್. ಇಲ್ಲಿಂದ ಹೇಳಿದರೆ ನಾನು ಒಳ್ಳೆಯವನ ಹಾಗೆ ಕಾಣುತ್ತೇನೆ.

ಮನೆ ಬೆಚ್ಚಗಾಗಲಿ ಎಂದು ಸರ್ಕಾರ ಅನುದಾನ ಕೊಡುತ್ತದಲ್ಲ, ಅದರಲ್ಲಿ ಕೀಗನ್ ನಮ್ಮೂರು ಇನ್ವರ್ಕಾರ್ಗಿಲ್‌ನ ಮನೆಗಳ ನೆಲದಡಿ ಫಾಯಿಲ್ ಹೊಡೆಸುತ್ತಿದ್ದ. ಯಾರಾದರೂ ದೂರು ಹೇಳಿದರೆ ಬಾಯಿ ಮುಚ್ಚಿಸುವುದು ನನ್ನ ಕೆಲಸ. ಸುಲಭದ ಕೆಲಸ. ನಮ್ಮ ಕಡೆಯವರು ದೂರುವುದೇ ಇಲ್ಲ. ಕಾಲು ಮುರಿದುಕೊಂಡು ಬಿದ್ದವನೂ “ಪರವಾಗಿಲ್ಲ” ಅನ್ನುತ್ತಾನೆ.

ಆ ಬೆಳಿಗ್ಗೆ ಫೋನ್ ಮಾಡಿ ಕರೆದಿದ್ದ ಎಲ್ಸ್‌ಪೆತ್ ಅಮ್ಮನ ಬಾಗಿಲಲ್ಲಿ ಬಗ್ಗಿದೆ. ಬೂಟು ಬಿಚ್ಚಲು. ಇಲ್ಲಿ ಪಾದ್ರಿಯೂ ಬೂಟು ಬಿಚ್ಚದೆ ಒಳಗೆ ಬರುವುದಿಲ್ಲ.

“ಬೂಟು ಬಿಚ್ಚಬೇಡ ಮಗಾ.”

ಈ ಊರಲ್ಲಿ ಹುಟ್ಟಿ ಬೆಳೆದವನು ನಾನು. ಆ ಮಾತನ್ನು ಯಾರ ಮನೆಯಲ್ಲೂ ಕೇಳಿಲ್ಲ!

ಒಳಗೆ ನೋಡಿದೆ. ಹೂವಿನ ಫ್ರಾಕು, ಇಸ್ತ್ರಿ ಮಾಡಿದ ಏಪ್ರನ್. ಅದರ ಕೆಳಗೆ ಮೊಣಕಾಲುದ್ದದ ಕಪ್ಪು ಗಂಬೂಟು! ಅಡಿಗೆಮನೆಯಲ್ಲಿ!

“ಇದಿಲ್ದಿದ್ರೆ ನಲ್ಲಿ ಕಚ್ಚುತ್ತೆ,” ಆಕೆ ನಕ್ಕಳು. “ನಿಮ್ಮವರು ಫಾಯಿಲ್ ಬಡಿದು ಹೋದಾಗಿಂದ. ಹೇಳಿದ್ರೆ ನಿಮಗೆ ಬೇಜಾರಾಗುತ್ತೇನೋ ಅಂತ ಸುಮ್ಮನಿದ್ದೆ.”

ಇಡೀ ಚಳಿಗಾಲ, ಸಾರ್!

ನನಗೆ ತಕ್ಷಣ ಗೊತ್ತಾಯಿತು. ಯಾರೋ ಅವಸರದಲ್ಲಿ ತೊಲೆಗೆ ಹೊಡೆಯಬೇಕಾದ ಪಿನ್ನನ್ನು ಕರೆಂಟಿನ ವೈರ್‌ಗೆ ಹೊಡೆದಿದ್ದಾನೆ. ಹಾಳೆ ಪೂರ್ತಿ ಕರೆಂಟು. ಹಾಳೆಯಿಂದ ಪೈಪು, ಪೈಪಿನಿಂದ ನಲ್ಲಿ.

“ನಿಮ್ಮ ಹಳೇ ವೈರಿಂಗು ಅಮ್ಮಾ,” ಅಂದೆ. “ಫಾಯಿಲ್‌ದೇನೂ ತಪ್ಪಿಲ್ಲ. ನಮ್ಮವರು ಬರೋವರೆಗೆ ಮೇನ್ ಸ್ವಿಚ್ ಮುಟ್ಟಬೇಡಿ. ಯಾರನ್ನೂ ಕರೀಬೇಡಿ.”

“ಅಯ್ಯೋ, ಸುಮ್ಮನೆ ನಿನ್ನ ಓಡಾಡಿಸಿದೆ. ಸಾರಿ ಮಗಾ. ಆದ್ರೆ ನಮ್ಮ ಟಾಫಿ... ಬೆಕ್ಕು... ಕೆಳಗೆ ಹೋದವಳು ಬಂದಿಲ್ಲ. ಊಟ ಆದ್ಮೇಲೆ ವಾಟಿ ಇಳಿದು ನೋಡ್ತಾನಂತೆ. ಪರವಾಗಿಲ್ವಾ?”

“ಪರವಾಗಿಲ್ಲ.”

ನನ್ನ ಬಾಯಿಂದಲೇ ಬಂತು. ನಗುತ್ತಲೇ ಅಂದೆ.

ಆಕೆ ಬಿಸಿ ಚೀಸ್ ರೋಲ್‌ಗಳನ್ನು ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟಳು. ಕಾರಿನಿಂದ ಕೀಗನ್‌ಗೆ ಫೋನ್ ಮಾಡಿದೆ.

“ಫಾಯಿಲ್‌ನಲ್ಲಿ ಕರೆಂಟಿದೆ.”

“ಯಾರಿಗೆ ಹೇಳ್ದೆ?”

“ಯಾರಿಗೂ ಇಲ್ಲ. ಆದ್ರೆ ಒಬ್ಬ ಮುದುಕ...”

“ಬಾಯಿ ಮುಚ್ಚು! ಈ ಒಂದು ಮನೆ ಗೊತ್ತಾದ್ರೆ ಎಲ್ಲ ಮನೆ ಕೆಳಗೂ ಇಣುಕ್ತಾರೆ. ಅನುದಾನ ನಿಲ್ಲುತ್ತೆ. ನೀನೂ ಬೀದಿಗೆ, ನಾನೂ ಬೀದಿಗೆ.”

ಫೋನ್ ಇಟ್ಟೆ. ನದಿಯ ಪಕ್ಕ ಕಾರು ನಿಲ್ಲಿಸಿ ರೋಲ್ ತಿಂದೆ. ಹೌದು ಸಾರ್, ತಿಂದೆ. ಚೆನ್ನಾಗಿತ್ತು. ಇನ್ನೊಂದನ್ನೂ ತಿಂದೆ. ಅಷ್ಟು ಹೊತ್ತು ಸುಮ್ಮನೆ ಕೂತಿದ್ದೆ.

ಮೂರನೆಯದನ್ನು ಬಟ್ಟೆಯಲ್ಲೇ ಸುತ್ತಿಟ್ಟೆ; ವಾಟಿ ಇಳಿಯುವ ಹೊತ್ತಾಗಿತ್ತು.

ಕಾರು ತಿರುಗಿಸಿದೆ. “ವಾಪಸ್ ಹೋಗ್ತಿದ್ದೀನಿ” ಎಂದು ಕೀಗನ್‌ಗೆ ಹೇಳಿದ್ದು ನನ್ನ ದಡ್ಡತನ. ಎರಡು ತಿರುವು ದಾಟುವುದರೊಳಗೆ ಕನ್ನಡಿಯಲ್ಲಿ ಅವನ ಪಿಕಪ್! ಸಿಗ್ನಲ್‌ನ ಕೆಂಪು ದೀಪಕ್ಕೂ ನಾನು ನಿಲ್ಲಲಿಲ್ಲ. ಅವನೂ ನಿಲ್ಲಲಿಲ್ಲ. ಹಿಂದಿನಿಂದ ಗುದ್ದಿದ. ಫುಟ್‌ಪಾತ್ ಹತ್ತಿಸಿ ಅಂಚೆಪೆಟ್ಟಿಗೆಯೊಂದನ್ನು ಉರುಳಿಸಿ ಎಲ್ಸ್‌ಪೆತ್ ಅಮ್ಮನ ಬೀದಿಗೆ ನುಗ್ಗಿದೆ.

ಬಾಗಿಲಲ್ಲಿ ಒಂದು ಜೊತೆ ಗಂಡಸಿನ ಗಂಬೂಟು. ಜೋಡಿಸಿಟ್ಟಿತ್ತು.

ವಾಟಿ ಬಂದಿದ್ದ. ಹುಟ್ಟಿದಾಗಿನ ಅಭ್ಯಾಸ, ಆಕೆ ಬೇಡ ಅಂದರೂ ಬೂಟು ಬಿಚ್ಚಿದ್ದ. ಟೀ ಕುಡಿದಿದ್ದ. ಹಾಗೇ ಸಾಕ್ಸ್‌ನಲ್ಲೇ ಹಿತ್ತಲಿಗೆ ಹೋಗಿ ಕಿಂಡಿಯೊಳಗೆ ಇಳಿದಿದ್ದ!

ಹಿಂದೆ ಕೀಗನ್, ಸ್ವಿಚ್ ಹುಡುಕುವಷ್ಟು ಹೊತ್ತಿರಲಿಲ್ಲ; ನಾನೂ ಕಿಂಡಿಯೊಳಗೆ ನುಗ್ಗಿದೆ. ಮುಂದಿನದು ಹೇಳಿದೆನಲ್ಲ.

“ಕೀಗನ್!” ಅರಚಿದೆ. “ಇಲ್ಲಿ ನಾನೊಬ್ಬನೇ ಅಲ್ಲ! ಬೆಕ್ಕು ಹುಡುಕೋಕೆ ಬಂದ ಮುದುಕ ಇದ್ದಾನೆ!”



“...ಯಾವ ಮುದುಕ?”

“ವಾಟಿ ಕಣಯ್ಯಾ,” ವಾಟಿಯೇ ಉತ್ತರ ಕೊಟ್ಟ. “ನೀನ್ಯಾರು?”

ಪಿಕಪ್ ಕಿರುಚುತ್ತ ಹಿಂದೆ ಸರಿಯಿತು. ಕೀಗನ್ ಓಡಿದ! ಕಿಂಡಿಯ ಹಲಗೆ ಕಳಚಿ ಬಿತ್ತು. ಬೆಳಕು ಒಳಗೆ ಬಂತು.

ಅದೇ ತಪ್ಪಾಯಿತು. ಬೆಳಕು ಕಂಡ ವಾಟಿ ಹೊರಳತೊಡಗಿದ.

“ಬೇಡ! ಎಲ್ಸ್‌ಪೆತ್ ಅಮ್ಮಾ! ಮೇನ್ ಸ್ವಿಚ್ ಆಫ್ ಮಾಡಿ!”

ತಲೆಯ ಮೇಲೆ ಹಲಗೆ ನೆಲ ಕಿರುಗುಟ್ಟಿತು. “ಮುಟ್ಟಬೇಡಿ ಅಂದಿದ್ಯಲ್ಲ ಮಗಾ?”

“ಸುಳ್ಳು ಹೇಳಿದ್ದೆ!”



“ಯಾಕೆ?”

“ಅಮ್ಮಾ... ಬೇಗ!”

“ಬಂದೆ, ಬಂದೆ. ಮಲಗಿದ್ದೆ. ಬೂಟು ಹಾಕ್ಕೋತೀನಿ, ಇರು...”

ವಾಟಿ ಬೆಕ್ಕನ್ನು ಎದೆಗೆ ಅವುಚಿಕೊಂಡು ಹೊರಳಿದ. ಎಡಗೈ ಮೇಲೆದ್ದಿತು.

ನೀಲಿ ಕಿಡಿ! ಸುಟ್ಟ ಉಣ್ಣೆಯ ವಾಸನೆ. ಮುದುಕನ ಬಾಯಿಂದ ಬಂದ ಆ ಸದ್ದು...

ಟಕ್.

“ಆಫ್ ಮಾಡಿದೆ ಮಗಾ,” ಮೇಲಿನಿಂದ ದನಿ. “ಸಾಕಾ?”

ವಾಟಿ ಬದುಕಿದ. ಎಡಗೈ ಬೆರಳು ಮಾತ್ರ ಮಡಚುವುದಿಲ್ಲ. ಶನಿವಾರ ಸಂಜೆ ಹಾಲ್‌ನಲ್ಲಿ ಅಕಾರ್ಡಿಯನ್ ನುಡಿಸುತ್ತಿದ್ದವನು. ಈಗ ಕುರ್ಚಿ ಜೋಡಿಸುತ್ತಾನೆ.

ಆಸ್ಪತ್ರೆಯಲ್ಲಿ ಎಲ್ಸ್‌ಪೆತ್ ಅಮ್ಮ ಸಿಕ್ಕಳು. ಕೈಯಲ್ಲಿ ಅದೇ ಬಟ್ಟೆಯ ಗಂಟು, ಬಿಸಿಬಿಸಿ.

“ಸಾರಿ ಮಗಾ,” ಅಂದಳು. “ಬೂಟು ಹಾಕ್ಕೊಳ್ಳೋದ್ರಲ್ಲಿ ತಡ ಮಾಡ್ಬಿಟ್ಟೆ. ನನ್ನದೇ ತಪ್ಪು.”

ಕೀಗನ್‌ನನ್ನು ನೀವು ಹಿಡಿದಿರಿ. ಮುದುಕನಿಗಾಗಿ ನೆಲದಡಿ ನುಗ್ಗಿದವನು ಅಂತ ನನ್ನ ಬೆನ್ನು ತಟ್ಟಿದಿರಿ. ನನ್ನ ಹೆಸರಿನ ಮುಂದೆ ‘ಸಾಕ್ಷಿ’ ಎಂದು ಬರೆದುಕೊಂಡಿರಿ.

ಆ ಪದ ಹೊಡೆದುಹಾಕಿ, ಸಾರ್. ಸರಿಯಾದ ಪದ ನಿಮಗೇ ಗೊತ್ತು.

ಅವಸರ ಬೇಡ, ನಿಧಾನವಾಗಿ ಬರೆದುಕೊಳ್ಳಿ. ಬೂಟು ಠಾಣೆಯ ಬಾಗಿಲಲ್ಲೇ ಬಿಚ್ಚಿಟ್ಟು ಬಂದಿದ್ದೇನೆ... ಎಲ್ಲಿಗೂ ಓಡುವುದಿಲ್ಲ!