ಕಪ್ಪು ಪುಡಿಯ ತೂಕ

2003ರ ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ 10.20. ಪುಣೆಯ ಪಾಷಾಣ್ ರಸ್ತೆಯ ಸಂಶೋಧನಾ ಕೇಂದ್ರವೊಂದರ ಮುಖ್ಯಸ್ಥೆ ಡಾ. ಸ್ನೇಹಲ್ ಕರಂದೀಕರ್ ಠಾಣೆಗೆ ಬಂದು ದೂರು ಕೊಟ್ಟರು. ಕಪಾಟಿನ ಬಾಟಲಿಯಲ್ಲಿದ್ದ ಇಪ್ಪತ್ತೈದು ಗ್ರಾಂ ಕಪ್ಪು ಪುಡಿ ಹಿಂದಿನ ದಿನ ಕಳುವಾಗಿತ್ತು. ಇಂಗಾಲದ ಪುಡಿಯ ಮೇಲೆ ಪ್ಲಾಟಿನಂ ಕೂರಿಸಿದ ವಿದೇಶಿ ಮಾಲು. ಜಲಜನಕದಿಂದ ಕರೆಂಟ್ ತೆಗೆಯುವ ಫ್ಯೂಯಲ್ ಸೆಲ್‌ಗೆ ಅದೇ ಜೀವಾಳ. ಮುಂದಿನ ಸೋಮವಾರ ದೆಹಲಿಯ ಅಧಿಕಾರಿಗಳು ಪ್ರಾತ್ಯಕ್ಷಿಕೆ ನೋಡಲು ಬರುವವರಿದ್ದರು.

"ಯಾರ ಮೇಲೆ ಸಂಶಯ?" ಇನ್‌ಸ್ಪೆಕ್ಟರ್ ಶಿವರುದ್ರಪ್ಪ ಕೇಳಿದರು.

"ಕಸ ಗುಡಿಸುವ ಮರೆಮ್ಮ. ಇನ್ಯಾರು?"

ಆ 'ಇನ್ಯಾರು' ಶಿವರುದ್ರಪ್ಪನವರಿಗೆ ಹಿಡಿಸಲಿಲ್ಲ. ಆದರೂ ನೌಕರರು ಮಾಡುವ ಕಳ್ಳತನದ ಕಲಂ 381ರಡಿ ಎಫ್‌ಐಆರ್ ಆಯಿತು. ಪೊಲೀಸರು ಬಿಡುವವರೆಗೆ ಗೇಟಿನ ಹತ್ತಿರವೂ ಸುಳಿಯಬೇಡ ಎಂದು ಗುತ್ತಿಗೆದಾರ ಮರೆಮ್ಮನಿಗೆ ಹೇಳಿಬಿಟ್ಟ.

ಯಾದಗಿರಿ ಕಡೆಯ ಆ ಹೆಂಗಸು ಮೂರು ದಿನ ಬೆಳಿಗ್ಗೆ ಬಂದು ಸಂಜೆಯವರೆಗೆ ಠಾಣೆಯ ಬೆಂಚಿನ ಮೇಲೆ ಕುಳಿತಳು. ಗಡಿಯ ಅಕ್ಕಲಕೋಟೆಯವರಾದ ಶಿವರುದ್ರಪ್ಪ ಕನ್ನಡದಲ್ಲೇ ಕೇಳಿದರು.

"ಬಾಟ್ಲಿ ಮುಟ್ಟಿದ್ಯೇನು?"

"ನೆಲಾ ಮುಟ್ಟೀನ್ರಿ. ಕಪಾಟು ಮುಟ್ಟಬ್ಯಾಡ ಅಂದಾರ, ಮುಟ್ಟಿಲ್ಲ."

ಬುಧವಾರ ಮತ್ತು ಗುರುವಾರ ಕಾನ್‌ಸ್ಟೇಬಲ್ ಲಾಲಪ್ಪ ನೋಡಲು ಅಂಥದೇ ಆದ ಬರೀ ಇಂಗಾಲದ ಪುಡಿಯ ಚಿಟಿಕೆ ಹಿಡಿದು, ಇಂಥದನ್ನು ಯಾರಾದರೂ ಮಾರಲು ತಂದಿದ್ದರೇ ಎಂದು ರವಿವಾರ ಪೇಠೆ ಎಂಬ ಬಡಾವಣೆಯ ಚಿನ್ನ-ಬೆಳ್ಳಿ ಸರಾಫರ ಅಂಗಡಿಗಳನ್ನೆಲ್ಲ ಸುತ್ತಿದ. ಒಬ್ಬ ಸರಾಫ ಮೂಸಿ ನೋಡಿ, "ಹವಾಲ್ದಾರ್, ಮನೆಯವರಿಗೆ ಕಾಡಿಗೆ ಮಾಡಿಕೊಡಿ" ಎಂದ. ಎರಡು ದಿನ ನೀರಲ್ಲಿ ಹೋಮ ಮಾಡಿದಂತಾಯಿತು.

ಶುಕ್ರವಾರ, 14ನೇ ತಾರೀಖು, ಮಧ್ಯಾಹ್ನ 3.40. ತಲೆಕೆಟ್ಟು ಶಿವರುದ್ರಪ್ಪ ಪ್ರಯೋಗಾಲಯದಲ್ಲಿ ಮತ್ತೊಮ್ಮೆ ಪಂಚನಾಮೆ ಮಾಡಿಸಿದರು. ಮೂಲೆಯಲ್ಲೊಂದು ಡಬ್ಬಿಯಿತ್ತು. ಪುಡಿ ಬಳಿಯುವ ಕುಂಚ ತೊಳೆದಾಗ, ಸೆಲ್ ಕೆರೆದಾಗ ಉಳಿಯುವ ಕಪ್ಪನ್ನು ಒಣಗಿಸಿ ಅದರಲ್ಲಿ ಹಾಕುತ್ತಿದ್ದರು. ಡಬ್ಬಿ ತುಂಬಿದ ಮೇಲೆ ಪ್ಲಾಟಿನಂ ತೆಗೆಯಲು ಕಳಿಸುವುದು ರೂಢಿ. ಪ್ರತಿ ಶುಕ್ರವಾರ ಅದರ ತೂಕ ಬರೆಯುವವರು ಹನ್ನೊಂದು ವರ್ಷದಿಂದ ಅಲ್ಲಿದ್ದ ಟೆಕ್ನಿಷಿಯನ್ ನಿಜಲಿಂಗಪ್ಪ.

ಲಾಲಪ್ಪ ರಿಜಿಸ್ಟರ್ ಓದಿದ. "ಏಳನೇ ತಾರೀಖು ನಾಕ್ನೂರಾ ಹನ್ನೆರಡು ಗ್ರಾಂ. ಇವತ್ತು ಮುಂಜಾನೆ ನಾಕ್ನೂರಾ ಮೂವತ್ತೇಳು. ಈ ವಾರ ಕೆಲಸ ನಡದೈತೇನ್ರಿ?"

"ಪುಡಿಯೇ ಇಲ್ಲದೆ ಎಂಥ ಕೆಲಸ?" ಎಂದರು ಡಾ. ಸ್ನೇಹಲ್.

ಶಿವರುದ್ರಪ್ಪ ನಿಜಲಿಂಗಪ್ಪನವರ ಕಡೆ ತಿರುಗಿದರು. "ಇದು ನಿಮ್ಮ ಅಕ್ಷರ?"

"ಹೌದ್ರಿ."

"ಸುಳ್ಳು ಬರೀಬಹುದಿತ್ತಲ್ಲ?"

"ತೂಕದಾಗ ಹೆಂಗ್ರಿ ಸುಳ್ಳು ಬರೀಲಿ?" ನಿಜಲಿಂಗಪ್ಪ ಸ್ಟೂಲಿನ ಮೇಲೆ ಕುಳಿತರು. "ಬಾಗಲಾ ದಾಟ್ಸಿಲ್ರಿ. ಈ ಡಬ್ಬ್ಯಾಗ ಸುರುವಿದೆ. ನಾನೇ ಮಾಡಿದ ಪುಡಿ ಆರು ತಿಂಗಳಿಂದ ಕಪಾಟಿನಾಗ ಬಿದ್ದದ. ಒಮ್ಮೆ ಹಾಕಿ ನೋಡ್ರಿ ಅಂತ ಭಾಳ ಸಲ ಕೇಳ್ದೆ. ಹೊರಗಿನ ಮಾಲು ಇಲ್ಲಂದ್ರ ನಂದು ಹಾಕ್ತಾರ ಅಂದ್ಕೊಂಡೆ."

"ಮತ್ತ ಮರೆಮ್ಮ?"

"ಒಂದಿನ ಕೇಳಿ ಬಿಡ್ತೀರಿ ಅಂದ್ಕೊಂಡಿದ್ದೆ."

ಶಿವರುದ್ರಪ್ಪ ಡಾ. ಸ್ನೇಹಲ್‌ರನ್ನು ಕೇಳಿದರು, "ಇವರ ಪುಡಿ ಹಾಕಿ ನೋಡಿದಿರಾ?"

"ಇಲ್ಲ, ಪ್ರಾತ್ಯಕ್ಷಿಕೆಯನ್ನೇ ಮುಂದೂಡಿದೆವು. ಅದೇ ಕಂಪನಿಗೆ ಮತ್ತೆ ಆರ್ಡರ್ ಹೋಗಿದೆ. ಪರೀಕ್ಷೆಯಾಗದ ಪುಡಿಯನ್ನು ಹೇಗೆ ಹಾಕುವುದು?"

ನಿಜಲಿಂಗಪ್ಪನವರಿಗೆ ಅಳು ತಡೆಯಲಾಗಲಿಲ್ಲ. 4.50ಕ್ಕೆ ಬಂಧನವಾಯಿತು.

ಠಾಣೆಯಲ್ಲಿ, ಮನೆಗೆ ಹೋಗು ಎಂದರೂ ಮರೆಮ್ಮ ಏಳಲಿಲ್ಲ. "ನಾ ಕಳ್ಳಿ ಅಲ್ಲ ಅಂತ ಬರದು ಕೊಡ್ರಿ. ಬರೇ ಬಾಯ್ಲೆ ಹೇಳಿದ್ರ ಗೇಟಿನಾಗ ಬಿಡಂಗಿಲ್ಲ."

ಅದಕ್ಕೆ ಇಲಾಖೆಯಲ್ಲಿ ನಮೂನೆಯೇ ಇರಲಿಲ್ಲ. ಕಳ್ಳರಿಗೆ ಹತ್ತು ನಮೂನೆ, ಕಳ್ಳರಲ್ಲದವರಿಗೆ ಒಂದೂ ಇಲ್ಲವೆಂದು ಶಿವರುದ್ರಪ್ಪನವರಿಗೆ ತಮ್ಮ ಮೇಲೆಯೇ ಸಿಟ್ಟು ಬಂತು. ಬಿಳಿ ಹಾಳೆಯ ಮೇಲೆ ಮರಾಠಿಯಲ್ಲಿ ಬರೆದು ಠಾಣೆಯ ಮುದ್ರೆ ಒತ್ತಿದರು.

"ಏನ್ ಬರ್ದೀರಿ, ಓದ್ರಿ."

ಅವರು ಕನ್ನಡದಲ್ಲಿ ಹೇಳಿದರು. "ಮರೆಮ್ಮ ಕಳ್ಳತನ ಮಾಡಿಲ್ಲ."

ಅವಳು ಲಾಕಪ್ಪಿನ ಕಡೆ ನೋಡಿದಳು. "ಜೋರಾಗಿ ಓದ್ರಿ. ಆ ಅಣ್ಣಗೂ ಕೇಳ್ಲಿ."

ಶಿವರುದ್ರಪ್ಪ ಮತ್ತೊಮ್ಮೆ, ಜೋರಾಗಿ ಓದಿದರು.