ಖಾಲಿ ಕಾಂಡದ ಸದ್ದು

"ಅಲ್ಲೇ ನಿಲ್ಲಿ. ಕಾಲು ಕೆಳಗಿಡಬೇಡಿ."

ನೆಲಮಾಳಿಗೆಯ ಪ್ರಯೋಗಾಲಯಕ್ಕೆ ನುಗ್ಗಿದ ಯುವಕ, ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತ. ಹೆಡ್‌ಫೋನ್ ಹಾಕಿಕೊಂಡ ಹುಡುಗಿಯೊಬ್ಬಳು ಕಣ್ಣಲ್ಲೇ ಸುಟ್ಟುಬಿಡುವಂತೆ ಅವನನ್ನು ನೋಡುತ್ತಿದ್ದಳು. ಅವಳ ಮುಂದೆ ಕುಂಡದಲ್ಲೊಂದು ಗಿಡ. ಗಿಡದ ಮೇಲೆ ಅಕ್ಕಿಕಾಳಿಗಿಂತ ಚಿಕ್ಕದೊಂದು ಹಸಿರು ಜಿಗಿಹುಳು. ಕಾಂಡಕ್ಕೆ ಅಂಟಿಸಿದ, ನಡುಕ ಅಳೆಯುವ ಸೆನ್ಸರ್.

"ಎಷ್ಟೊತ್ತು ಹೀಗೆ?" ಅವನು ಪಿಸುಗುಟ್ಟಿದ.

"ಅದು ಮಾತು ಮುಗಿಸೋವರೆಗೂ."

"ಹುಳುನಾ? ಬಾಯಿ ಎಲ್ಲಿದೆ ಅದಕ್ಕೆ?"

"ಬಾಯಲ್ಲಲ್ಲ. ಹೊಟ್ಟೆ ನಡುಗಿಸುತ್ತೆ. ಆ ನಡುಕ ಕಾಂಡದೊಳಗೆ ಹರಿದು ಇನ್ನೊಂದು ಹುಳುವಿನ ಕಾಲಿಗೆ ಗೊತ್ತಾಗುತ್ತೆ."

"ಪ್ರೇಮಪತ್ರನ ಕಾಲಲ್ಲಿ ಓದುತ್ತೆ ಅನ್ನಿ."

ಅವಳಿಗೆ ನಗು ಬಂತು. ಆದರೆ ನಗಲಿಲ್ಲ... ಪಿಎಚ್‌ಡಿ ಮಾಡುವವಳಿಗೆ ಅಪರಿಚಿತರ ಮುಂದೆ ಅಷ್ಟಾದರೂ ಬಿಗುಮಾನ ಬೇಡವೇ?

ಮನೆಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಜಾಣಮರಿ ಎಂದು. ಅಮ್ಮ ಮನೆಯಲ್ಲೇ ಗಣಿತದ ಪಾಠ ಹೇಳುತ್ತಿದ್ದವರು. ಕೇಳಿದ್ದಕ್ಕೆ ಪಟಪಟನೆ ಉತ್ತರ ಹೇಳಿದರೆ ಮುದ್ದು, ತಡವರಿಸಿದರೆ ಮೌನ. ಹಾಗೆ ಬೆಳೆದವಳ ಬಾಯಲ್ಲಿ 'ಗೊತ್ತು' ಎನ್ನುವುದು ಉಸಿರಿನಷ್ಟೇ ಸಲೀಸು.

ಅವನು ಸೇತುವೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದ. ಲಾರಿ ಹೋದಾಗ ಸೇತುವೆ ಎಷ್ಟು ನಡುಗುತ್ತದೆ ಎಂದು ಅಳೆಯುವುದು ಅವನ ಕೆಲಸ. ಅದೇ ಸೆನ್ಸರ್ ಅವನಿಗೂ ಬೇಕಿತ್ತು. ಜಾಣಮರಿ ಮನಸ್ಸಿನಲ್ಲೇ ಅವನಿಗೆ ಸೇತುವೆ ಎಂದೇ ಹೆಸರಿಟ್ಟಳು.

"ಸೆನ್ಸರ್ ಹಾಕೋ ಮೊದಲು ಸುತ್ತಲಿನ ಸದ್ದು ನೋಡ್ಕೊಂಡ್ರಾ?" ಒಮ್ಮೆ ಕೇಳಿದ್ದ.

"ಗೊತ್ತು ಗೊತ್ತು."

ಏನೂ ಗೊತ್ತಿರಲಿಲ್ಲ ಪುಣ್ಯಾತ್ಗಿತ್ತಿಗೆ. ಕೀಟಶಾಸ್ತ್ರ ಓದಿ ಬಂದವಳಿಗೆ ಆ ಯಂತ್ರದ ಗುಂಡಿಗಳೆಲ್ಲ ಹೊಸವು. ಕೇಳಿದರೆ ಏನೆಂದುಕೊಳ್ಳುತ್ತಾನೋ ಎಂಬ ಅಳುಕು. ಅವನು ಮಧ್ಯಾಹ್ನದ ಹೊತ್ತು ಬರುವುದನ್ನು ಕಾಯುವ ಅಭ್ಯಾಸ ಬೇರೆ ಶುರುವಾಗಿತ್ತಲ್ಲ!

ಅದೃಷ್ಟವೋ ಏನೋ, ಅವಳ ರೆಕಾರ್ಡಿಂಗಿನಲ್ಲಿ ಒಂದು ವಿಚಿತ್ರ ಸಿಕ್ಕಿತು. ಗಂಡು ಹುಳು ಸುಮ್ಮನಿದ್ದಾಗಲೂ ಒಂದು ಸಣ್ಣ ಗುಂಯ್‌ಗುಡುವಿಕೆ ನಿಲ್ಲದೆ ಕೇಳುತ್ತಿತ್ತು. ಹೆಣ್ಣಿಗಾಗಿ ಬಿಡದೆ ಗುನುಗುವ ಹುಳು! ಗೈಡ್ ಮೇಡಂ ಹಿಗ್ಗಿದರು. "ಕಮಿಟಿಗೆ ಇದನ್ನೇ ತೋರಿಸು. ಇದೊಂದಿದ್ರೆ ನಿನ್ನ ಪಿಎಚ್‌ಡಿ ಮುಂದುವರಿಸೋಕೆ ಯಾರೂ ತಕರಾರು ತೆಗೆಯಲ್ಲ."

ಅವಳ ಬಳಿ ತೋರಿಸಲು ಬೇರೇನೂ ಇರಲಿಲ್ಲ. ಕಮಿಟಿ ಒಪ್ಪದಿದ್ದರೆ ಗಂಟುಮೂಟೆ ಕಟ್ಟಿ ಮನೆಗೆ ಹೋಗುವುದೇ.

ಕಮಿಟಿಗೆ ಮುನ್ನ ವಿಭಾಗದಲ್ಲಿ ಅಭ್ಯಾಸದ ಭಾಷಣ. ಎಲ್ಲರೂ ತಲೆದೂಗುತ್ತಿದ್ದಾಗ ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ಸೇತುವೆ!

"ಹುಳು ಇಲ್ಲದೇ ಇರೋ ಕಾಂಡದಲ್ಲಿ ಈ ಸದ್ದು ಬರುತ್ತಾ?"

ಅವಳು ಖಾಲಿ ಕಾಂಡವನ್ನು ರೆಕಾರ್ಡ್ ಮಾಡಿಯೇ ಇರಲಿಲ್ಲ.

"ಬರಲ್ಲ," ಎಂದುಬಿಟ್ಟಳು.

ಕಾರಿಡಾರಿನಲ್ಲಿ ಅವನು ಹಿಂದೆಯೇ ಬಂದ. ಅವಳು ತಿರುಗಿ ನಿಂತಳು.

"ಎಲ್ಲರ ಮುಂದೆ ನನ್ನ ಮಾನ ಕಳೀಬೇಕಿತ್ತಾ? ಸಮಾಧಾನ ಆಯ್ತಾ?"

"ಅಯ್ಯೋ, ನಾನು..."

"ಇನ್ಮೇಲೆ ಆ ರೂಮಿಗೆ ಬರಬೇಡಿ. ಸೆನ್ಸರ್ ಬೇಕಾದಾಗ ಹೊರಗೆ ಇಟ್ಟಿರ್ತೀನಿ."

ಅವನ ಮುಖ ಸಪ್ಪಗಾಯಿತು. ಮೆಟ್ಟಿಲಿಳಿದು ಹೋದ.

ಮರುದಿನ ಬೆಳಿಗ್ಗೆ ಅವಳು ಹುಳುವನ್ನು ಡಬ್ಬಿಗೆ ಹಾಕಿ, ಬರೀ ಗಿಡಕ್ಕೆ ಸೆನ್ಸರ್ ಅಂಟಿಸಿದಳು. ಹೆಡ್‌ಫೋನ್ ಕಿವಿಗಿಟ್ಟಳು.

ಗುಂಯ್...

ಅದೇ ಸದ್ದು. ತಲೆಯೆತ್ತಿದರೆ ಗೋಡೆಯ ಕಿಂಡಿಯಾಚೆ ಕಟ್ಟಡದ ದೊಡ್ಡ ಫ್ಯಾನು ತನ್ನ ಪಾಡಿಗೆ ತಿರುಗುತ್ತಿತ್ತು. ಓಡಿಹೋಗಿ ಸ್ವಿಚ್ ಆರಿಸಿದಳು. ಮರಳಿ ಬಂದು ಕೇಳಿದರೆ ಸದ್ದು ನಿಂತಿತ್ತು. ತಿಂಗಳುಗಟ್ಟಲೆ ಅವಳು ಫ್ಯಾನಿನ ಪ್ರೇಮಗೀತೆ ಕೇಳಿದ್ದಳು!

ಯಾರಿಗೂ ಗೊತ್ತಿಲ್ಲ. ಸುಮ್ಮನಿದ್ದರೆ ಕಮಿಟಿ ದಾಟಬಹುದು... ಎಂದಿತು ಮನಸ್ಸು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಕ್ಕನಿಗೆ ಫೋನ್ ಮಾಡಿ ಅತ್ತಳು.

"ಗೊತ್ತಿಲ್ಲ ಅಂದ್ರೆ ಆಕಾಶ ಕಳಚಿ ಬೀಳುತ್ತಾ?" ಅಕ್ಕ ಕೇಳಿದಳು. "ನಮ್ಮ ವಾರ್ಡಲ್ಲಿ ಗೊತ್ತಿಲ್ಲ ಅನ್ನೋ ಡಾಕ್ಟರ್ ಬಗ್ಗೆ ನನಗೆ ಭಯ ಇಲ್ಲ ಕಣೇ. ಎಲ್ಲಾ ಗೊತ್ತು ಅನ್ನೋರು ರೌಂಡ್ಸಿಗೆ ಬಂದ್ರೇನೇ ಎದೆ ಡವಡವ."

ಕಮಿಟಿಯ ದಿನ ಬಂತು. ಎದುರಿಗೆ ಕನ್ನಡಕದ ಹಿರಿಯರು, ಪಕ್ಕದಲ್ಲಿ ಗೈಡ್ ಮೇಡಂ, ಬಾಗಿಲ ಬಳಿ, ಕರೆಯದೇ ಬಂದ ಸೇತುವೆ.

"ನಾನು ಹುಳುವಿನ ಹಾಡು ಅಂದುಕೊಂಡದ್ದು ಈ ಕಟ್ಟಡದ ಫ್ಯಾನು," ಎಂದಳು. "ಖಾಲಿ ಕಾಂಡದಲ್ಲೂ ಅದೇ ಬರುತ್ತೆ. ಬರಲ್ಲ ಅಂತ ಅಭ್ಯಾಸದ ಭಾಷಣದಲ್ಲಿ ಹೇಳಿದ್ದು ಸುಳ್ಳು. ಹುಳು ನಿಜವಾಗಿ ಏನು ಹೇಳುತ್ತೆ ಅಂತ ನನಗೆ ಗೊತ್ತಿಲ್ಲ. ಈ ಯಂತ್ರ ಬಳಸೋದೂ ಸರಿಯಾಗಿ ಬರಲ್ಲ. ಕಲೀಬೇಕು."

ಮೇಡಂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡರು. ಹಿರಿಯರೊಬ್ಬರು ಕೆಮ್ಮಿದರು. "ಆರು ತಿಂಗಳು ಕೊಡ್ತೀವಿ. ಕಲಿತು ಬಾಮ್ಮ. ಆಮೇಲೆ ಯೋಚನೆ ಮಾಡೋಣ."

ಹೊರಗೆ ಬಂದವಳೇ ಸೇತುವೆಯನ್ನು ಹುಡುಕಿದಳು. ಅವನು ನೀರಿನ ಫಿಲ್ಟರ್ ಬಳಿ ನಿಂತಿದ್ದ.

"ನಾನು ಅವಮಾನ ಮಾಡೋಕೆ ಕೇಳಿರಲಿಲ್ಲ," ಅವನೇ ಮೊದಲು ಹೇಳಿದ. "ನಿಜವಾಗ್ಲೂ ಗೊತ್ತಿರಲಿಲ್ಲ. ಗಿಡ ತಾನಾಗಿ ಸದ್ದು ಮಾಡುತ್ತೇನೋ ಅಂತ ಕುತೂಹಲ."

ಅವಳ ಕಣ್ಣು ತುಂಬಿತು. ಇಷ್ಟು ಸರಳವಾದ ಮಾತಿಗೆ ತಾನು ಎಷ್ಟು ದಿನ ಉರಿದುಬಿದ್ದೆನಲ್ಲ!

"ತಪ್ಪಾಯ್ತು. ನನಗೆ ಕಲಿಸ್ತೀರಾ?"

"ಸೇತುವೆಗೆ ಏನು ಮಾಡ್ಬೇಕು ಅಂತ ಗೊತ್ತು. ಗಿಡಕ್ಕೆ ಏನು ಅಂತ ನನಗೂ ಗೊತ್ತಿಲ್ಲ. ಒಟ್ಟಿಗೆ ನೋಡೋಣ."

ಅಲ್ಲಿಂದ ಶುರುವಾಯಿತು ಅವಳ ನಿಜವಾದ ಓದು. ಸೆನ್ಸರಿನ ವೈರಿಗೆ ಬೆಸುಗೆ ಹಾಕಲು ಹೋಗಿ ಬೆರಳು ಸುಟ್ಟುಕೊಂಡಳು. ಪ್ರೋಗ್ರಾಂ ಬರೆಯಲು ಹೋಗಿ ಕಂಪ್ಯೂಟರಿನಿಂದ ದಿನವಿಡೀ ಬೈಸಿಕೊಂಡಳು. ಫ್ಯಾನಿನ ನಡುಕ ತಡೆಯಲು ಕುಂಡದ ಕೆಳಗೆ ಸ್ಪಂಜು ಇಟ್ಟರು, ಆಗಲಿಲ್ಲ. ಮರಳಿನ ತಟ್ಟೆ ಇಟ್ಟರು, ಸ್ವಲ್ಪ ಪರವಾಗಿಲ್ಲ ಅನ್ನಿಸಿತು. ಕೊನೆಗೆ ಗಾಳಿ ತುಂಬಿದ ಸೈಕಲ್ ಟ್ಯೂಬಿನ ಮೇಲೆ ಹಲಗೆ ಇಟ್ಟು, ಅದರ ಮೇಲೆ ಕುಂಡ ಇಟ್ಟಾಗ ಫ್ಯಾನಿನ ಗದ್ದಲ ತೆಪ್ಪಗಾಯಿತು. ಅವನು ಹುಳು ಸಾಕಲು ಕಲಿತ. ಮೊದಲ ದಿನವೇ ಡಬ್ಬಿಯ ಮುಚ್ಚಳ ಹಾಕುವುದು ಮರೆತು, ಅರ್ಧ ಹುಳುಗಳು ಅವನ ತಲೆಗೂದಲಲ್ಲಿ ಸಿಕ್ಕವು.

"ಇದು ಯಾಕೆ?" "ಹಾಗಾದ್ರೆ ಅದು ಹೇಗೆ?" ಎಂದು ಇಡೀ ದಿನ ಕೇಳುವುದರಲ್ಲಿದ್ದಷ್ಟು ಸುಖ ಅವಳಿಗೆ ಯಾವ ಬಹುಮಾನದಲ್ಲೂ ಸಿಕ್ಕಿರಲಿಲ್ಲ.

ಒಂದು ಮಧ್ಯಾಹ್ನ ಹೆಡ್‌ಫೋನಿನ ಒಂದೊಂದು ತುದಿ ಇಬ್ಬರ ಕಿವಿಗೂ ಇತ್ತು. ಕಾಂಡದ ಮೇಲೆ ಗಂಡು, ಎಲೆಯ ಮೇಲೆ ಹೆಣ್ಣು.

ಟರ್ರ್... ಟರ್ರ್...

ಮೌನ.

ಆಮೇಲೆ ಎಲೆಯ ಕಡೆಯಿಂದ, ತೀರಾ ಮೆಲ್ಲಗೆ, ಒಂದು ಟಕ್.

ಉತ್ತರ ಬಂದಿತ್ತು! ಅವಳು ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಿಡಿದದ್ದು ಇಬ್ಬರಿಗೂ ತಿಳಿಯಿತು. ಬಿಡಲಿಲ್ಲ.

"ನನಗೆ ನಿಮ್ಮನ್ನ ಕಂಡ್ರೆ ತುಂಬಾ ಇಷ್ಟ," ಎಂದಳು. "ಇದನ್ನ ಹೇಗೆ ಹೇಳ್ಬೇಕು ಅಂತ ಎಲ್ಲೂ ಓದಿಲ್ಲ. ತಪ್ಪಿದ್ರೆ ತಿದ್ದಿ."

"ತಪ್ಪೇನಿಲ್ಲ," ಎಂದ ಅವನು. "ನಾನೂ ಒಂದು ನಿಜ ಹೇಳ್ಲಾ? ಅವತ್ತು ಕಮಿಟಿಗೆ ಬಂದಿದ್ದು ಹುಳುವಿನ ವಿಷಯ ಕೇಳೋಕಲ್ಲ."

"ಮತ್ತೆ?"

"ನೀವು ಅಳ್ತಾ ಹೊರಗೆ ಬಂದ್ರೆ, ಅಲ್ಲಿ ಯಾರಾದ್ರೂ ಇರಬೇಕು ಅನ್ನಿಸ್ತು. ಬರಬೇಡಿ ಅಂದಿದ್ರಿ. ಆದ್ರೂ ಬಂದೆ."

ಅವಳು ಅವನ ಭುಜಕ್ಕೆ ತಲೆಯಾನಿಸಿದಳು.

"ಇನ್ಮೇಲೂ ಹಾಗೇ ಬಾ," ಎಂದಳು. "ನಾನು ಬೇಡ ಅಂದ್ರೂ ಬಾ."